600 ಎಂಎಂ ಲೆನ್ಸ್, 7 ಕಿಲೋ ಮಿತಿ: ಮಸಾಯಿ ಮಾರಾಕ್ಕೆ ಕ್ಯಾಮೆರಾ ಸಾಮಾನು ಒಯ್ಯುವುದು ಹೇಗೆ?

ಹಿನ್ನೀರು, ಮೈಸೂರು

ಈ ಚರ್ಚಾವೇದಿಕೆಯ ಎಲ್ಲರಿಗೂ ನಮಸ್ಕಾರ. ಆಗಸ್ಟ್ ಕೊನೆಯ ವಾರ ನಾವು ನಾಲ್ವರು ಬೆಂಗಳೂರಿನಿಂದ ಕೀನ್ಯಾದ ಮಸಾಯಿ ಮಾರಾಕ್ಕೆ ಹೊರಟಿದ್ದೇವೆ. ಕಬಿನಿ, ನಾಗರಹೊಳೆ, ಬಂಡೀಪುರಗಳಲ್ಲಿ ಹದಿನಾಲ್ಕು ವರ್ಷ ಕ್ಯಾಮೆರಾ ಹಿಡಿದು ಓಡಾಡಿದ್ದೇನೆ. ಆದರೆ ಅಲ್ಲಿಗೆಲ್ಲ ಹೋಗುವುದು ಕಾರಿನಲ್ಲಿ. ಡಿಕ್ಕಿ ತುಂಬುವವರೆಗೆ ಸಾಮಾನು ಹೇರಿಕೊಂಡರೆ ಕೇಳುವವರಿಲ್ಲ. ದೊಡ್ಡ ಲೆನ್ಸ್ ಹೊತ್ತು ವಿಮಾನ ಹತ್ತುವುದು ಇದೇ ಮೊದಲು.

ನಿನ್ನೆ ರಾತ್ರಿ ಊಟವಾದ ಮೇಲೆ ಅಡುಗೆಮನೆಯ ತೂಕದ ಯಂತ್ರವನ್ನು ತಂದು ಒಂದೊಂದನ್ನೇ ತೂಗಿದೆ. ದೂರದ್ದನ್ನು ಹತ್ತಿರ ತರುವ 600 ಎಂಎಂ ಎಫ್/4 ಲೆನ್ಸ್ 3040 ಗ್ರಾಂ. ಕ್ಯಾಮೆರಾ ಬಾಡಿ ಎರಡು, ತಲಾ 737. 70-200 ಲೆನ್ಸ್ 1045. ಲೆನ್ಸಿನ ವ್ಯಾಪ್ತಿಯನ್ನು 1.4 ಪಟ್ಟು ಹಿಗ್ಗಿಸುವ ಕನ್ವರ್ಟರ್ 167. ಹೆಚ್ಚುವರಿ ಬ್ಯಾಟರಿ ಆರು, ಒಟ್ಟು 500 ಗ್ರಾಂ ಆಸುಪಾಸು. ಲ್ಯಾಪ್‌ಟಾಪ್ 1400. ಇಷ್ಟನ್ನೂ ತುಂಬಿಕೊಳ್ಳುವ ಬೆನ್ನುಚೀಲ, ಬರಿದಾಗಿದ್ದಾಗಲೇ 2400. ಕೂಡಿಸಿದರೆ ಹತ್ತು ಕಿಲೋ ದಾಟಿತು. ಟಿಕೆಟ್ಟಿನಲ್ಲಿ ಕ್ಯಾಬಿನ್ ಸಾಮಾನು 7 ಕಿಲೋ ಎಂದಿದೆ.

ಸಾಲದ್ದಕ್ಕೆ ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮಾರಾಕ್ಕೆ ಹಾರುವ ಸಣ್ಣ ವಿಮಾನದಲ್ಲಿ ಕೈಚೀಲವೂ ಸೇರಿ ತಲೆಗೆ 15 ಕಿಲೋ ಮಾತ್ರ. ಅದೂ ಗಟ್ಟಿ ಪೆಟ್ಟಿಗೆಯಲ್ಲಿ ಇರುವಂತಿಲ್ಲ, ಮೆತ್ತನೆಯ ಚೀಲವೇ ಆಗಬೇಕಂತೆ.

ಜೊತೆಗೆ ಬರುವ ಗೆಳೆಯರೊಬ್ಬರು “ಲೆನ್ಸನ್ನು ಒಳ್ಳೆಯ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಚೆಕ್-ಇನ್ ಮಾಡಿಬಿಡಿ, ಏನೂ ಆಗುವುದಿಲ್ಲ” ಎನ್ನುತ್ತಾರೆ. ಆ ಲೆನ್ಸಿನ ಕಂತು ಇನ್ನೂ ಎರಡು ವರ್ಷ ಇದೆ. ಕೈಬಿಟ್ಟು ಕಳುಹಿಸಲು ಮನಸ್ಸು ಒಪ್ಪುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ನೆಲಗಾವಲು, ದೇವನಹಳ್ಳಿ

ಸರ್, ವಿಮಾನ ನಿಲ್ದಾಣವೊಂದರ ಸಾಮಾನು ವಿಭಾಗದಲ್ಲಿ ಒಂಬತ್ತು ವರ್ಷ ದುಡಿದವನು ನಾನು. ಆ ಲೆನ್ಸನ್ನು ಚೆಕ್-ಇನ್ ಮಾಡಬೇಡಿ.

ಕಾರಣ ಹೇಳುತ್ತೇನೆ. ಕೌಂಟರಿನಲ್ಲಿ ನೀವು ಮೆಲ್ಲಗೆ ಇಟ್ಟ ಚೀಲ ಬೆಲ್ಟಿನ ಮೇಲೆ ಸಾಗಿ, ಇಳಿಜಾರಿನಲ್ಲಿ ಜಾರಿ, ಇನ್ನೊಂದು ಬೆಲ್ಟಿಗೆ ಬಿದ್ದು, ಟ್ರಾಲಿ ಏರುತ್ತದೆ. ಟ್ರಾಲಿ ವಿಮಾನದ ಪಕ್ಕದಲ್ಲಿ ಬಿಸಿಲೋ ಮಳೆಯೋ ಬಯಲಿನಲ್ಲಿ ನಿಂತಿರುತ್ತದೆ. ಅಲ್ಲಿಂದ ಮತ್ತೊಂದು ಬೆಲ್ಟಿನ ಮೂಲಕ ಒಳಗೆ. ಒಳಗಿರುವ ಹುಡುಗ ನೆಟ್ಟಗೆ ನಿಲ್ಲಲಾಗದ ಜಾಗದಲ್ಲಿ ಮಂಡಿಯೂರಿ ಕುಳಿತು ಚೀಲಗಳನ್ನು ಎಳೆದೆಳೆದು ಜೋಡಿಸುತ್ತಾನೆ. ಅವನ ಮೇಲೆ ನನಗೆ ಬೇಸರವಿಲ್ಲ, ನಾನೂ ಅದೇ ಜಾಗದಲ್ಲಿ ಕುಳಿತಿದ್ದವನು. ನೂರಕ್ಕೂ ಹೆಚ್ಚು ಚೀಲ, ಕೈಯಲ್ಲಿ ಅರ್ಧ ಗಂಟೆ. ನಾಜೂಕು ವಸ್ತು ಎಂಬ ಕೆಂಪು ಚೀಟಿ ಕಣ್ಣಿಗೆ ಬೀಳುವಷ್ಟರಲ್ಲಿ ಚೀಲ ಕೈ ದಾಟಿರುತ್ತದೆ. ಒಂದು ಚೀಲ ಊರು ಸೇರುವಷ್ಟರಲ್ಲಿ ಇಂಥ ಏಳೆಂಟು ಕೈ ದಾಟುತ್ತದೆ. ನಡುವೆ ಬೇರೆ ವಿಮಾನಕ್ಕೆ ಬದಲಾದರೆ ಅದರ ಎರಡರಷ್ಟು.

ಇನ್ನೊಂದು ವಿಷಯ, ಬಹಳ ಮುಖ್ಯ. ಬಿಡಿ ಬ್ಯಾಟರಿಗಳನ್ನು ಯಾವ ಕಾರಣಕ್ಕೂ ಚೆಕ್-ಇನ್ ಚೀಲದಲ್ಲಿ ಇಡಬೇಡಿ. ಇದು ಒಂದು ಸಂಸ್ಥೆಯ ಕಟ್ಟಳೆಯಲ್ಲ, ಎಲ್ಲ ದೇಶಗಳಲ್ಲೂ ಇರುವ ನಿಯಮ. ಲಿಥಿಯಂ ಬ್ಯಾಟರಿ ಒಮ್ಮೆ ಒಳಗೊಳಗೇ ಕಾಯಲು ಶುರುವಾದರೆ ಒಂದು ಸೆಲ್‌ನ ಬಿಸಿ ಪಕ್ಕದ್ದಕ್ಕೆ ಹಬ್ಬುತ್ತಾ ಹೋಗುತ್ತದೆ. ಸಾಮಾನು ಕೋಣೆಯಲ್ಲಿರುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅಡಗಿಸಬಲ್ಲದು, ಆ ಒಳಗಿನ ಕಾವನ್ನು ನಿಲ್ಲಿಸಲಾರದು. ಕ್ಯಾಬಿನ್‌ನಲ್ಲಾದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ನೀರು ಸುರಿದು ತಣಿಸಬಹುದು. ಹೆಚ್ಚುವರಿ ಬ್ಯಾಟರಿ ನಿಮ್ಮ ಕೈಯಲ್ಲೇ ಇರಲಿ ಎನ್ನುವುದು ಅದಕ್ಕಾಗಿ.

ಕಡಲತಡಿ, ಉಡುಪಿ

ಹಿನ್ನೀರು ಅಣ್ಣ, ನಾನು ಮದುವೆ ಫೋಟೋಗ್ರಾಫರ್. ದುಬೈ, ಮಸ್ಕತ್ ಕಡೆ ನಮ್ಮವರ ಮದುವೆ, ಗೃಹಪ್ರವೇಶಗಳಿಗೆ ವರ್ಷಕ್ಕೆ ನಾಲ್ಕೈದು ಸಲ ಹೋಗಿಬರುತ್ತೇನೆ. ತೂಕದ ಬಗ್ಗೆ ಉಳಿದವರು ಹೇಳುತ್ತಾರೆ. ನಾನು ಕಸ್ಟಮ್ಸ್ ಬಗ್ಗೆ ಹೇಳಬೇಕು, ಏಕೆಂದರೆ ಅಲ್ಲಿ ಪೆಟ್ಟು ತಿಂದವನು ನಾನು.

ಎರಡನೆಯ ಸಲ ಹೋಗಿ ಬಂದಾಗಿನ ಮಾತು. ಬೆಳಗಿನ ಜಾವ ಮೂರು ಗಂಟೆಗೆ ಬಂದಿಳಿದೆ. ಚೀಲ ಸ್ಕ್ಯಾನ್ ಆಯಿತು, ಪಕ್ಕಕ್ಕೆ ಕರೆದರು. ಎರಡು ಬಾಡಿ, ನಾಲ್ಕು ಲೆನ್ಸ್, ಎರಡು ಫ್ಲ್ಯಾಶ್ ಮೇಜಿನ ಮೇಲೆ ಸಾಲಾಗಿ ಕುಳಿತವು. “ಇವೆಲ್ಲ ಅಲ್ಲಿ ಕೊಂಡದ್ದಲ್ಲ ಎನ್ನುವುದಕ್ಕೆ ಏನು ದಾಖಲೆ?” ಎಂದು ಕೇಳಿದರು. ಬಿಲ್ಲುಗಳು ಮನೆಯ ಕಪಾಟಿನಲ್ಲಿ. ತಮ್ಮನನ್ನು ಫೋನಿನಲ್ಲಿ ಎಬ್ಬಿಸಿ, ಅವನು ಕಪಾಟು ಜಾಲಾಡಿ, ಒಂದೊಂದೇ ಬಿಲ್ಲಿನ ಫೋಟೋ ಕಳುಹಿಸಿ, ಅಧಿಕಾರಿ ಒಂದೊಂದರ ಸೀರಿಯಲ್ ನಂಬರು ತಾಳೆ ನೋಡಿ ಮುಗಿಸುವಾಗ ಹೊರಗೆ ಬೆಳಕು ಹರಿದಿತ್ತು. ಒಂದು ಹಳೆಯ 85 ಎಂಎಂ ಲೆನ್ಸನ್ನು ಗೆಳೆಯರಿಂದ ಕೊಂಡಿದ್ದೆ, ಬಿಲ್ಲೇ ಇರಲಿಲ್ಲ. ಅದಕ್ಕೆ ಬೇಡಿಕೊಂಡೆ. ಕೊನೆಗೆ ಬಿಟ್ಟರು. ಆ ಅಧಿಕಾರಿಯದು ತಪ್ಪು ಎನ್ನಲಾರೆ. ಅವರಿಗೆ ನನ್ನ ಮುಖ ನೋಡಿದರೆ ಹೇಗೆ ಗೊತ್ತಾಗಬೇಕು?

ಅಂದಿನಿಂದ ಹೊರಡುವಾಗಲೇ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸುತ್ತೇನೆ. ಹೊರಡುವ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿಯ ಮುಂದೆ ಸಾಮಾನನ್ನು ತೋರಿಸಿದರೆ, ಮಾಡೆಲ್ ಮತ್ತು ಸೀರಿಯಲ್ ನಂಬರು ಬರೆದು ಮೊಹರು ಹಾಕಿಕೊಡುತ್ತಾರೆ. ಮರಳಿ ಬಂದಾಗ ಆ ಕಾಗದ ತೋರಿಸಿದರೆ ಸುಂಕದ ಪ್ರಶ್ನೆಯೇ ಏಳುವುದಿಲ್ಲ. ಇದಕ್ಕಾಗಿ ಒಂದು ಗಂಟೆ ಮೊದಲೇ ಹೋಗಿ. ಮತ್ತೆ ಸಾಮಾನು ಕೈಯಲ್ಲಿರಬೇಕು. ಚೆಕ್-ಇನ್ ಮಾಡಿದ ಮೇಲೆ ತೋರಿಸಲು ಏನೂ ಉಳಿಯುವುದಿಲ್ಲ. ಹೋಗುವ ಮೊದಲು ಎಲ್ಲದರ ಪಟ್ಟಿಯನ್ನು ಸೀರಿಯಲ್ ನಂಬರಿನೊಂದಿಗೆ ಬರೆದು ಎರಡು ಪ್ರತಿ ಇಟ್ಟುಕೊಳ್ಳಿ. ಅವರಿಗೂ ಕೆಲಸ ಹಗುರ, ನಮಗೂ.

ಮೂರನೇ ಕಣ್ಣು, ಬೆಂಗಳೂರು

ಕಡಲತಡಿ ಹೇಳಿದ್ದು ನಮ್ಮ ಸ್ವಂತ ಸಾಮಾನಿಗೆ ಸಾಕು. ಚಿತ್ರೀಕರಣ ತಂಡ ದೊಡ್ಡ ಸಾಮಾನಿನೊಂದಿಗೆ ಯುರೋಪ್, ಅಮೆರಿಕಕ್ಕೆ ಹೋಗುವುದಾದರೆ ಎಟಿಎ ಕಾರ್ನೆ ಎಂಬ ದಾಖಲೆ ಬೇಕಾಗುತ್ತದೆ. ಭಾರತದಲ್ಲಿ ಅದನ್ನು ವಾಣಿಜ್ಯ ಸಂಸ್ಥೆಗಳ ಒಕ್ಕೂಟವಾದ ಫಿಕ್ಕಿ ಕೊಡುತ್ತದೆ, ಒಂದು ವರ್ಷ ನಡೆಯುತ್ತದೆ. ಇದು ಒಂದು ರೀತಿಯಲ್ಲಿ ಸಾಮಾನಿನ ಪಾಸ್‌ಪೋರ್ಟ್: ಪ್ರತಿ ದೇಶಕ್ಕೆ ಹೊಕ್ಕಾಗ, ಹೊರಟಾಗ ಮೊಹರು ಬೀಳಬೇಕು. ಒಂದು ಮೊಹರು ತಪ್ಪಿದರೂ ಆ ದೇಶ ಸುಂಕ ಕೇಳಬಹುದು. ಹಿನ್ನೀರು ಅವರಿಗೆ ಇದರ ಅಗತ್ಯವಿಲ್ಲ.

ಬ್ಯಾಟರಿಯ ಲೆಕ್ಕವನ್ನು ನಾನು ಹೇಳುತ್ತೇನೆ, ಸಾಕ್ಷ್ಯಚಿತ್ರಗಳಿಗೆ ಕ್ಯಾಮೆರಾ ಮಾಡುವವನಾದ್ದರಿಂದ ನನ್ನ ಅರ್ಧ ಜೀವನ ಅದರಲ್ಲೇ ಕಳೆದಿದೆ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 100ರ ಒಳಗಿದ್ದರೆ ಯಾರ ಅನುಮತಿಯೂ ಬೇಡ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅಂಥ ಬಿಡಿ ಬ್ಯಾಟರಿ ಎರಡಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. 160 ಮೀರಿದರೆ ಪ್ರಯಾಣಿಕರ ಸಾಮಾನಿನಲ್ಲಿ ಜಾಗವೇ ಇಲ್ಲ. ನಿಮ್ಮ ಬ್ಯಾಟರಿ 7.2 ವೋಲ್ಟ್, 2280 ಮಿಲಿಆಂಪಿಯರ್-ಅವರ್ ಇರಬೇಕು, ಅಂದರೆ 16.4 ವ್ಯಾಟ್-ಅವರ್. ನಿಶ್ಚಿಂತೆಯಿಂದ ಒಯ್ಯಿರಿ. ದೊಡ್ಡ ವಿಡಿಯೊ ಕ್ಯಾಮೆರಾಗಳಿಗೆ ಹಾಕುವ ನಮ್ಮ ವಿ-ಮೌಂಟ್ ಬ್ಯಾಟರಿಗಳು 14.4 ವೋಲ್ಟ್, 6.8 ಆಂಪಿಯರ್-ಅವರ್; ಗುಣಿಸಿ ನೋಡಿ, 98ಕ್ಕೆ ಬಂದು ನಿಲ್ಲುತ್ತದೆ. ತಯಾರಕರು ನೂರರ ಗೆರೆಯನ್ನು ಕಣ್ಣಲ್ಲಿಟ್ಟುಕೊಂಡೇ ಅಷ್ಟಕ್ಕೆ ನಿಲ್ಲಿಸಿದ್ದಾರೆ.

ಆದರೆ ಲೆಕ್ಕ ಸರಿಯಿದ್ದರೆ ಸಾಲದು, ಅದು ಬ್ಯಾಟರಿಯ ಮೈಮೇಲೆ ಓದಲು ಸಿಗಬೇಕು. ಒಮ್ಮೆ ಈಶಾನ್ಯದ ಕಡೆ ಶೂಟಿಂಗ್ ಮುಗಿಸಿ ಮರಳುವಾಗ ಭದ್ರತಾ ತಪಾಸಣೆಯಲ್ಲಿ ನನ್ನ ನಾಲ್ಕು ವಿ-ಮೌಂಟ್‌ಗಳನ್ನು ತೆಗೆಸಿದರು. ಮೂರರ ಮೇಲೆ ಸಂಖ್ಯೆ ಇತ್ತು. ನಾಲ್ಕನೆಯದರ ಮೇಲೆ ನಾನೇ ವರ್ಷಗಟ್ಟಲೆ ಟೇಪು ಹಚ್ಚಿ ಕಿತ್ತು, ಹಚ್ಚಿ ಕಿತ್ತು, ಅಕ್ಷರಗಳೆಲ್ಲ ಟೇಪಿನೊಂದಿಗೆ ಎದ್ದು ಹೋಗಿದ್ದವು. ಅಧಿಕಾರಿ ಅದನ್ನು ದೀಪಕ್ಕೆ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದರು. “ಉಳಿದ ಮೂರರ ಜೊತೆಗೆ ಕೊಂಡದ್ದೇ ಸರ್” ಎಂದೆ. “ಇರಬಹುದು, ಆದರೆ ಇದರ ಮೇಲೆ ಹಾಗೆ ಬರೆದಿಲ್ಲವಲ್ಲ” ಎಂದರು. ಬಿಟ್ಟು ಬಂದೆ. ಅಂದಿನಿಂದ ಬ್ಯಾಟರಿಯ ಲೇಬಲ್ ಮೇಲೆ ಪಾರದರ್ಶಕ ಟೇಪು ಅಂಟಿಸುತ್ತೇನೆ, ಅದರ ಮೇಲೆ ಬೇರೇನನ್ನೂ ಹಚ್ಚುವುದಿಲ್ಲ. ಬಿಡಿ ಬ್ಯಾಟರಿಯ ಲೋಹದ ತುದಿಗಳು ಕೀಲಿಕೈ, ನಾಣ್ಯಗಳಿಗೆ ತಾಗದಂತೆ ಪ್ಲಾಸ್ಟಿಕ್ ಮುಚ್ಚಳ ಹಾಕಿ.

ಡ್ರೋನ್ ಒಯ್ಯುವ ಯೋಚನೆ ಇದ್ದರೆ ಈಗಲೇ ಬಿಡಿ. ಕೀನ್ಯಾದಲ್ಲಿ ಮುಂಚಿತ ಅನುಮತಿ ಇಲ್ಲದೆ ತಂದ ಡ್ರೋನ್ ನೈರೋಬಿಯ ಕಸ್ಟಮ್ಸ್‌ನಲ್ಲೇ ಉಳಿಯುತ್ತದೆ. ಅಲ್ಲಿಂದ ಹೊಸದನ್ನು ಕೊಂಡು ತರುವುದೂ ಬೇಡ. 2022ರ ಫೆಬ್ರುವರಿಯಿಂದ ಭಾರತಕ್ಕೆ ವಿದೇಶಿ ಡ್ರೋನ್ ಆಮದು ನಿಷೇಧದಲ್ಲಿದೆ.

ಹಿನ್ನೀರು

ಎಲ್ಲರಿಗೂ ಧನ್ಯವಾದ. ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಎಂಬುದನ್ನೇ ನಾನು ಕೇಳಿರಲಿಲ್ಲ. ಡ್ರೋನ್ ಇಲ್ಲ. ಆದರೆ ಮೂರು ಕಿಲೋ ಹೆಚ್ಚುವರಿ ತೂಕ ಹಾಗೆಯೇ ಉಳಿಯಿತಲ್ಲ?

ಮಲೆಸಿರಿ, ಚಿಕ್ಕಮಗಳೂರು

ನನ್ನ ಮಾತು ನಿಮಗೆ ರುಚಿಸದಿರಬಹುದು, ಆದರೂ ಹೇಳುತ್ತೇನೆ. 600 ಎಂಎಂ ಬಿಟ್ಟು ಹೋಗಿ.

ಮಾರಾಕ್ಕೆ ಎರಡು ಸಲ ಹೋಗಿದ್ದೇನೆ. ಕಬಿನಿಯಲ್ಲಿ ನಾವು ಹಿನ್ನೀರಿನ ಈ ದಡದಿಂದ ಆ ದಡದ ಪ್ರಾಣಿಯನ್ನು ತೆಗೆಯುತ್ತೇವೆ, ಅಲ್ಲಿ 600 ಕೂಡ ಸಾಲದು. ಮಾರಾದ ಬಯಲಿನಲ್ಲಿ ಸಿಂಹ ನಿಮ್ಮ ಗಾಡಿಯ ನೆರಳಿನಲ್ಲೇ ಬಂದು ಮಲಗುತ್ತದೆ. ಮೊದಲ ಸಲ ಜೂಮ್ ಆಗದ ದೊಡ್ಡ ಪ್ರೈಮ್ ಲೆನ್ಸ್ ಒಯ್ದು, ಚೀತಾ ಗಾಡಿಯ ಹತ್ತಿರ ಬಂದಾಗ ಅದರ ಕಣ್ಣು ಮೂಗು ಬಿಟ್ಟರೆ ಬೇರೇನೂ ಚೌಕಟ್ಟಿಗೆ ಸಿಗದೆ ಒದ್ದಾಡಿದೆ. ಲೆನ್ಸ್ ಬದಲಿಸೋಣ ಎಂದರೆ ಧೂಳು. ಎರಡನೆಯ ಸಲ 100-500 ಒಂದೇ ಲೆನ್ಸ್, 1365 ಗ್ರಾಂ. ಕೈ ಹಗುರ, ಮನಸ್ಸೂ ಹಗುರ. ನಿಮ್ಮ ಕ್ಯಾಮೆರಾ ಕಂಪನಿಯಲ್ಲಿ 200-600 ಇದೆ, 2115 ಗ್ರಾಂ. ನಿಮ್ಮ 600 ಮತ್ತು 70-200 ಎರಡರ ಜಾಗದಲ್ಲಿ ಅದೊಂದೇ ಹೋದರೆ ಎರಡು ಕಿಲೋ ಅಲ್ಲೇ ಉಳಿಯಿತು.

ಹಿನ್ನೀರು

ಮೇಡಂ, ನಿಮ್ಮ ಲೆಕ್ಕ ಸರಿಯಾಗಿದೆ. ಆದರೆ ಮಾರಾದಲ್ಲಿ ಸೂರ್ಯ ಹುಟ್ಟುವ ಮೊದಲಿನ ಇಪ್ಪತ್ತು ನಿಮಿಷಕ್ಕಾಗಿ ನಾನು ಹೋಗುತ್ತಿರುವುದು. ಆ ಬೆಳಕಿನಲ್ಲಿ ಎಫ್/4ಕ್ಕೂ ಎಫ್/6.3ಕ್ಕೂ ಇರುವ ಅಂತರ ನನಗೆ ಬಹಳ ದೊಡ್ಡದು; ಆ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಹೆಚ್ಚು. ದೂರದ ಚಿರತೆಯ ಹಿಂದಿನ ಹುಲ್ಲು ಕರಗಿ ಹೊಗೆಯಂತೆ ಕಾಣುವುದು ಆ ಲೆನ್ಸಿನಲ್ಲಿ ಮಾತ್ರ. ಆರು ವರ್ಷ ಹಣ ಕೂಡಿಸಿದ್ದು ಅದಕ್ಕಾಗಿಯೇ. ಬಿಟ್ಟು ಹೋದರೆ ಅಲ್ಲಿ ಕುಳಿತಷ್ಟು ಹೊತ್ತೂ ಮನಸ್ಸು ಮನೆಯ ಕಪಾಟಿನಲ್ಲೇ ಇರುತ್ತದೆ.

ಮಲೆಸಿರಿ

ಹಾಗಾದರೆ ಒಯ್ಯಿರಿ, ಮನಸ್ಸಿಟ್ಟು ಹೇಳಿದ್ದೀರಿ. ಆದರೆ ಅದರ ಬೆಲೆಯನ್ನು ಬೇರೆ ಎಲ್ಲದರಲ್ಲೂ ತೆರಬೇಕು. ಲ್ಯಾಪ್‌ಟಾಪ್ ಬಿಡಿ. ಆ ಭಾರದ ಚೀಲ ಬಿಡಿ. ಬಟ್ಟೆ ಮೂರು ಜೊತೆ ಸಾಕು, ಕ್ಯಾಂಪುಗಳಲ್ಲಿ ಒಗೆದುಕೊಡುತ್ತಾರೆ.

ಹಳೆಯ ನೆಗೆಟಿವ್, ಧಾರವಾಡ

ಪತ್ರಿಕಾ ಛಾಯಾಗ್ರಾಹಕನಾಗಿ ನಿವೃತ್ತನಾದವನು. ಮಲೆಸಿರಿ ತಾಯಿ ಹೇಳಿದ ಚೀಲದ ಮಾತನ್ನು ಬೆಳೆಸುತ್ತೇನೆ.

ಕ್ಯಾಮೆರಾ ಚೀಲ ಮಾಡುವವರು ಅದಕ್ಕೆ ಎಷ್ಟು ಮೆತ್ತೆ ಹಾಕಿದರೂ ಸಾಲದು ಎಂದುಕೊಳ್ಳುತ್ತಾರೆ. ಆ ಮೆತ್ತೆಯ ತೂಕವನ್ನು ನೀವು ಹೊರಬೇಕು. ಇನ್ನು ಗಟ್ಟಿ ಪೆಟ್ಟಿಗೆ: ಎಲ್ಲರ ಬಳಿ ಇರುವ ಪೆಲಿಕನ್ 1510, ಒಳಗಿನ ಫೋಮ್ ಸೇರಿ ಬರಿದಾದ ಪೆಟ್ಟಿಗೆಯೇ ಆರು ಕಿಲೋ ದಾಟುತ್ತದೆ. 7 ಕಿಲೋ ಮಿತಿಯಲ್ಲಿ ಒಂದು ಬಾಡಿ ಇಟ್ಟರೆ ಮುಗಿಯಿತು. ಆ ಪೆಟ್ಟಿಗೆ ಒಳ್ಳೆಯದೇ, ಆದರೆ ಅದು ಜೀಪಿಗೆ, ದೋಣಿಗೆ. ಸಾಧಾರಣ ಬಟ್ಟೆಯ ಬೆನ್ನುಚೀಲ, ಒಂದು ಕಿಲೋ ಒಳಗಿನದು, ಅದರೊಳಗೆ ತೆಳುವಾದ ಫೋಮ್ ಗೂಡು ಇಟ್ಟು ಹೊಲಿಸಿಕೊಳ್ಳಿ. ಹುಬ್ಬಳ್ಳಿಯಲ್ಲಿ ಸೀಟ್ ಕವರ್ ಹೊಲಿಯುವವರ ಹತ್ತಿರ ನಾನು ಹಾಗೆಯೇ ಮಾಡಿಸಿದ್ದೆ, ಹನ್ನೊಂದು ವರ್ಷ ಬಾಳಿತು. ಹೊರಗಿನಿಂದ ನೋಡಿದರೆ ಒಳಗೆ ಕ್ಯಾಮೆರಾ ಇದೆ ಎಂದು ತಿಳಿಯುವುದಿಲ್ಲ, ಅದೂ ಒಂದು ರಕ್ಷಣೆ.

ಕ್ಯಾಬಿನ್‌ನಲ್ಲಿ ಒಯ್ಯುವುದು ನಮ್ಮ ಹಕ್ಕು ಎಂದು ಯಾರೂ ತಿಳಿಯಬೇಡಿ. 2017ರ ಮಾರ್ಚ್‌ನಲ್ಲಿ ಅಮೆರಿಕ ಒಂದು ಆದೇಶ ಹೊರಡಿಸಿತು: ದುಬೈ, ದೋಹಾ, ಅಬುಧಾಬಿ ಸೇರಿ ಹತ್ತು ವಿಮಾನ ನಿಲ್ದಾಣಗಳಿಂದ ಬರುವವರು ಮೊಬೈಲಿಗಿಂತ ದೊಡ್ಡದಾದ ಯಾವ ಎಲೆಕ್ಟ್ರಾನಿಕ್ ಸಾಧನವನ್ನೂ ಕೈಯಲ್ಲಿ ತರುವಂತಿಲ್ಲ. ಕ್ಯಾಮೆರಾ ಕೂಡ. ನನ್ನ ಕಿರಿಯ ಸಹೋದ್ಯೋಗಿಯೊಬ್ಬರು ಆ ದಿನಗಳಲ್ಲೇ ಕೊಲ್ಲಿಯ ಮಾರ್ಗವಾಗಿ ನ್ಯೂಯಾರ್ಕಿಗೆ ಹೊರಟಿದ್ದರು. ವಿಮಾನದ ಬಾಗಿಲ ಬಳಿ ಕ್ಯಾಮೆರಾ ಕೊಟ್ಟು, ಬರಿಗೈಯಲ್ಲಿ ಹದಿನಾಲ್ಕು ತಾಸು ಕುಳಿತಿದ್ದರಂತೆ. ಜುಲೈ ಹೊತ್ತಿಗೆ ಆ ನಿರ್ಬಂಧ ಹೋಯಿತು. ಆದರೆ ಅಂಥದ್ದು ಮತ್ತೆ ಯಾವತ್ತಾದರೂ ಬರಬಹುದು. ಆದ್ದರಿಂದ ಮಡಚಿಟ್ಟ ಒಂದು ಮೆತ್ತನೆಯ ಲೆನ್ಸ್ ಹೊದಿಕೆ ಸದಾ ಜೊತೆಗಿರಲಿ. ಅನಿವಾರ್ಯವಾಗಿ ಕೊಡಬೇಕಾಗಿ ಬಂದರೆ ಬಾಡಿಯಿಂದ ಲೆನ್ಸ್ ಬಿಚ್ಚಿ, ಎರಡಕ್ಕೂ ಮುಚ್ಚಳ ಹಾಕಿ, ಬೇರೆ ಬೇರೆ ಸುತ್ತಿ ಕೊಡಿ. ಜೋಡಿಸಿದಂತೆಯೇ ಕೊಟ್ಟರೆ ಹೊಡೆತವೆಲ್ಲ ಎರಡೂ ಸೇರುವ ಮೌಂಟಿನ ಮೇಲೆ ಬೀಳುತ್ತದೆ.

ಸುರುಳಿ, ತುಮಕೂರು

ಹಿರಿಯರೇ, ಫಿಲ್ಮ್ ರೋಲ್ ಒಯ್ಯುವವರಿಗೂ ಒಂದು ಮಾತು ಹೇಳಿ. ನಾನು ಈಗಲೂ ಕಪ್ಪು-ಬಿಳುಪು ರೋಲ್‌ನಲ್ಲೇ ತೆಗೆಯುವವನು.

ಹಳೆಯ ನೆಗೆಟಿವ್

ಕೇಳಿ ಸಂತೋಷವಾಯಿತಪ್ಪ. ರೋಲನ್ನು ಚೆಕ್-ಇನ್ ಚೀಲದಲ್ಲಿ ಎಂದೂ ಇಡಬೇಡ, ಅಲ್ಲಿನ ಕಿರಣ ಬಹಳ ತೀಕ್ಷ್ಣ, ಒಂದೇ ಸಲಕ್ಕೆ ಮಸುಕು ಬರುತ್ತದೆ. ಕೈಚೀಲದ ಹಳೆಯ ಮಾದರಿಯ ಎಕ್ಸ್-ರೇಯಲ್ಲಿ, ಬೆಳಕಿಗೆ ಅಷ್ಟು ಸೂಕ್ಷ್ಮವಲ್ಲದ ಕಡಿಮೆ ಐಎಸ್‌ಒ ರೋಲ್ ಒಂದೆರಡು ಸಲ ದಾಟಿದರೆ ತೊಂದರೆಯಾಗದು. 800 ಮತ್ತು ಅದಕ್ಕೂ ಮೇಲಿನದಕ್ಕೆ ಅಪಾಯ. ಈಗ ಬರುತ್ತಿರುವ ಸಿಟಿ ಸ್ಕ್ಯಾನರ್ ಇದ್ದರೆ ಯಾವ ರೋಲನ್ನೂ ಒಳಗೆ ಬಿಡಬೇಡ. ರೋಲುಗಳನ್ನು ಡಬ್ಬಿಯಿಂದ ತೆಗೆದು ಪಾರದರ್ಶಕ ಚೀಲದಲ್ಲಿಟ್ಟುಕೊಂಡು, ಸಾಲು ಕಡಿಮೆಯಿರುವಾಗ, ಕೈಯಲ್ಲೇ ನೋಡಿ ಎಂದು ವಿನಯದಿಂದ ಕೇಳು.

ಕಡಲತಡಿ

ತೂಕಕ್ಕೆ ಒಂದು ಉಪಾಯ: ಹತ್ತು ಜೇಬಿನ ಜಾಕೆಟ್. 70-200, ಕನ್ವರ್ಟರ್, ಬ್ಯಾಟರಿ ಎಲ್ಲವನ್ನೂ ಜೇಬಿಗೆ ಹಾಕಿ ಕೌಂಟರಿಗೆ ಹೋದರೆ ಮೈಮೇಲಿನದನ್ನು ಯಾರೂ ತೂಗುವುದಿಲ್ಲ. ಚೀಟಿ ಕಟ್ಟಿಸಿಕೊಂಡ ಮೇಲೆ ಮತ್ತೆ ಚೀಲಕ್ಕೆ.

ನೆಲಗಾವಲು

ಅಣ್ಣ, ಇದನ್ನು ಬಹಳ ಜನ ಮಾಡುತ್ತಾರೆ, ಸಿಬ್ಬಂದಿಗೂ ಗೊತ್ತು. ಆದರೆ ನನಗೆ ಒಪ್ಪಿಗೆಯಿಲ್ಲ. ಗೇಟಿನಲ್ಲಿ ಎರಡನೆಯ ಸಲ ತೂಗಿದಾಗ ಸಿಕ್ಕಿಬಿದ್ದವರನ್ನು ನೋಡಿದ್ದೇನೆ. ಅಲ್ಲಿ ದರ ಹೆಚ್ಚು, ಸಮಯ ಕಡಿಮೆ, ಹಿಂದೆ ನೂರು ಜನ ನಿಂತಿರುತ್ತಾರೆ. ಗಾಬರಿಯಲ್ಲಿ ಮಾಡುವ ತಪ್ಪೇ ಸಾಮಾನಿಗೆ ಕುತ್ತು. ಅದಕ್ಕಿಂತ ಚೆಕ್-ಇನ್ ಕೌಂಟರಿನಲ್ಲೇ “ಒಳಗೆ ಕ್ಯಾಮೆರಾ ಇದೆ, ಒಂದು ಕಿಲೋ ಹೆಚ್ಚಿರಬಹುದು” ಎಂದು ನೇರವಾಗಿ ಹೇಳಿ. ಕೊರಳಿಗೆ ಒಂದು ಕ್ಯಾಮೆರಾ ಹಾಕಿಕೊಂಡು ಹೋಗುವುದು ಕಳ್ಳತನವಲ್ಲ. ಒಂದೇ ಕೈಚೀಲ ಎಂಬ ನಮ್ಮ ದೇಶದ ಭದ್ರತಾ ನಿಯಮದಲ್ಲಿ ಮಹಿಳೆಯರ ಕೈಚೀಲ, ಕೊಡೆಗಳ ಸಾಲಿನಲ್ಲೇ ಒಂದು ಕ್ಯಾಮೆರಾಕ್ಕೂ ವಿನಾಯಿತಿ ಬರೆದಿದ್ದರು. ಆದರೂ ಒಪ್ಪುವುದು ಬಿಡುವುದು ಆ ಕ್ಷಣದಲ್ಲಿ ಎದುರಿಗಿರುವವರ ಕೈಯಲ್ಲಿದೆ, ಅದಕ್ಕೇ ದನಿ ಏರಿಸಬೇಡಿ.

ಟಿಕೆಟ್ ಕೊಳ್ಳುವ ಮೊದಲೇ ನೋಡಬೇಕಾದ್ದು ಮಿತಿಯನ್ನು. ನಮ್ಮ ದೇಶದ ಮತ್ತು ಕೊಲ್ಲಿಯ ಸಂಸ್ಥೆಗಳ ಎಕಾನಮಿಯಲ್ಲಿ ಸಾಮಾನ್ಯವಾಗಿ 7 ಕಿಲೋ, ಲುಫ್ತಾನ್ಸಾದಲ್ಲಿ 8, ಬ್ರಿಟಿಷ್ ಏರ್‌ವೇಸ್‌ನಲ್ಲಿ ಒಂದು ಚೀಲಕ್ಕೆ 23 ಕಿಲೋವರೆಗೆ ಬಿಡುತ್ತಾರೆ. ಎರಡು ಸಾವಿರ ರೂಪಾಯಿ ಅಗ್ಗ ಎಂದು ಕೊಂಡ ಟಿಕೆಟ್ ಹೆಚ್ಚುವರಿ ತೂಕದಲ್ಲಿ ನಾಲ್ಕು ಸಾವಿರ ತಿಂದುಬಿಡಬಹುದು.

ಕಡಲತಡಿ

ಒಪ್ಪಿದೆ. ಜಾಕೆಟ್ ಉಪಾಯವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಮಲೆಸಿರಿ

ಕೊನೆಯ ಕ್ಷಣದಲ್ಲಿ ಚೀಲ ಕೈತಪ್ಪುವುದು ಎಲ್ಲರಿಗೂ ಆಗುತ್ತದೆ. ನಮ್ಮ ಶಿವಮೊಗ್ಗ, ಹುಬ್ಬಳ್ಳಿ ಕಡೆ ಬರುವ ಎಟಿಆರ್ ಎಂಬ ಸಣ್ಣ ವಿಮಾನಗಳಲ್ಲಿ ತಲೆಯ ಮೇಲಿನ ಗೂಡು ಬಹಳ ಚಿಕ್ಕದು. ಒಂದು ಸಲ ಮೆಟ್ಟಿಲ ಬಳಿ ತಲುಪಿದಾಗ “ಇದು ಒಳಗೆ ಹಿಡಿಯುವುದಿಲ್ಲ ಮೇಡಂ” ಎಂದು ಚೀಲ ಕೇಳಿದರು. ಮಳೆ ಹನಿಯುತ್ತಿತ್ತು. ನೆಲದ ಮೇಲೆ ಚೀಲ ಬಿಚ್ಚಿ, ಬ್ಯಾಟರಿ ಎಲ್ಲಿ, ಕಾರ್ಡ್ ಎಲ್ಲಿ ಎಂದು ಹುಡುಕುವಷ್ಟರಲ್ಲಿ ಕೈ ನಡುಗುತ್ತಿತ್ತು. ಈಗ ಬ್ಯಾಟರಿ, ಮೆಮೊರಿ ಕಾರ್ಡ್, ಒಂದು ಬಾಡಿ, ಪಾಸ್‌ಪೋರ್ಟ್ ಇಷ್ಟನ್ನು ಚೀಲದೊಳಗೇ ಒಂದು ಸಣ್ಣ ಬಟ್ಟೆಯ ಚೀಲದಲ್ಲಿಟ್ಟಿರುತ್ತೇನೆ. ಕೇಳಿದ ಕೂಡಲೇ ಅದೊಂದನ್ನು ಎಳೆದುಕೊಂಡು ಉಳಿದದ್ದನ್ನು ಕೊಡಬಹುದು. ಚಿತ್ರ ತೆಗೆದು ಮುಗಿಸಿ ಮರಳುವಾಗ ಆ ಕಾರ್ಡುಗಳು ಲೆನ್ಸಿಗಿಂತ ದೊಡ್ಡವು. ಲೆನ್ಸ್ ಮತ್ತೊಂದು ಸಿಗುತ್ತದೆ.

ಲೇಹ್‌ಗೆ ಹೋಗುವವರೂ ಇದನ್ನು ನೆನಪಿಡಿ. ಹಿಮಚಿರತೆ ನೋಡಲು ಫೆಬ್ರುವರಿಯಲ್ಲಿ ಹೋಗಿದ್ದೆ. ಆ ವಿಮಾನ ನಿಲ್ದಾಣ ಇರುವುದೇ 3256 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ವಿಮಾನ ಹೊರಬಲ್ಲ ಭಾರವೂ ಕಡಿಮೆ. ನನ್ನ ಟ್ರೈಪಾಡ್ ಇದ್ದ ಚೀಲ ಮಾರನೆಯ ದಿನ ಬಂತು. ಯಾವುದು ಇಲ್ಲದಿದ್ದರೆ ಮೊದಲ ದಿನ ಒಂದು ಚಿತ್ರವನ್ನೂ ತೆಗೆಯಲಾರಿರೋ ಅದನ್ನು ಮಾತ್ರ ಕೈಯಲ್ಲಿಡಿ.

ಮೂರನೇ ಕಣ್ಣು

ಟ್ರೈಪಾಡ್, ಅದರ ಮೇಲೆ ಲೆನ್ಸ್ ಕೂರಿಸುವ ಗಿಂಬಲ್ ಹೆಡ್, ಅಲೆನ್ ಕೀ, ಸ್ಕ್ರೂ ಡ್ರೈವರ್ ಇವು ಚೆಕ್-ಇನ್‌ಗೇ ಹೋಗಲಿ. ಟ್ರೈಪಾಡನ್ನು ಒಳಗೆ ಬಿಡುವುದು ಆ ದಿನದ ಅಧಿಕಾರಿಯ ಮೇಲೆ ನಿಂತಿದೆ. ಅಲೆನ್ ಕೀಯನ್ನು ಕಸದ ಬುಟ್ಟಿಗೆ ಹಾಕಿಸಿದರೆ ಕಾಡಿನಲ್ಲಿ ಹೆಡ್ ಬಿಗಿ ಮಾಡಲು ಏನೂ ಇರುವುದಿಲ್ಲ. ಧೂಳು ಊದುವ ರಬ್ಬರ್ ಬ್ಲೋವರ್ ರಾಕೆಟ್ ಆಕಾರದ್ದು, ಸ್ಕ್ಯಾನರಿನಲ್ಲಿ ಬೇರೇನೋ ಕಂಡಂತಾಗಿ ನನ್ನನ್ನು ಮೂರು ಸಲ ನಿಲ್ಲಿಸಿದ್ದಾರೆ. ಕೈಗೆ ಸಿಗುವಂತೆ ಮೇಲೆಯೇ ಇಡಿ.

ನೆಲಗಾವಲು

ಕೊನೆಯದಾಗಿ ಹಣದ ಮಾತು, ಇದನ್ನು ಯಾರೂ ಓದುವುದಿಲ್ಲ. ಚೆಕ್-ಇನ್ ಸಾಮಾನು ಕಳೆದುಹೋದರೆ ಅಥವಾ ಒಡೆದರೆ ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. 2024ರ ಡಿಸೆಂಬರ್ 28ರಿಂದ ಅದರ ಮಿತಿ ಒಬ್ಬ ಪ್ರಯಾಣಿಕರಿಗೆ, ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣದಲ್ಲಿ, 1519 ಎಸ್‌ಡಿಆರ್. ರೂಪಾಯಿಯಲ್ಲಿ ಎರಡು ಲಕ್ಷಕ್ಕೂ ಕಡಿಮೆ. ದೇಶದೊಳಗಿನ ಪ್ರಯಾಣದಲ್ಲಿ 20,000 ರೂಪಾಯಿ ಗರಿಷ್ಠ. ಹಿನ್ನೀರು ಸರ್ ಅವರ ಲೆನ್ಸು ಹತ್ತು ಲಕ್ಷ ಮೀರಿದ್ದು. ಉಳಿದದ್ದನ್ನು ಯಾರು ಕೊಡುತ್ತಾರೆ? ಸಾಮಾನು ಒಪ್ಪಿಸುವಾಗಲೇ ಹೆಚ್ಚಿನ ಮೌಲ್ಯ ಘೋಷಿಸಿ ಶುಲ್ಕ ಕಟ್ಟುವ ಅವಕಾಶ ಆ ಒಪ್ಪಂದದಲ್ಲಿದೆ, ಆದರೆ ಅದನ್ನು ಬಳಸಿದವರನ್ನು ನನ್ನ ಒಂಬತ್ತು ವರ್ಷದಲ್ಲಿ ನಾನು ಕಂಡಿಲ್ಲ. ಒಡೆದದ್ದು ಕಂಡರೆ ವಿಮಾನ ನಿಲ್ದಾಣ ಬಿಡುವ ಮೊದಲೇ ಬರೆದುಕೊಟ್ಟು ರಸೀದಿ ಪಡೆಯಿರಿ. ಲಿಖಿತ ದೂರಿಗೆ 7 ದಿನದ ಗಡುವು, ಚೀಲ ತಡವಾಗಿ ಬಂದದ್ದಕ್ಕೆ 21 ದಿನ. ಮತ್ತೆ ಸಾಮಾನಿಗೇ ಪ್ರತ್ಯೇಕ ವಿಮೆ ಮಾಡಿಸಿ. ಅದು ವಿದೇಶದಲ್ಲೂ ನಡೆಯುತ್ತದೆಯೇ, ಕಣ್ಣೆದುರು ಇಲ್ಲದಾಗ ಕಳುವಾದರೆ ಕೊಡುತ್ತಾರೆಯೇ, ಈ ಎರಡನ್ನೂ ಕಾಗದದಲ್ಲಿ ಓದಿ ಸಹಿ ಹಾಕಿ.

ಹಿನ್ನೀರು

ಹೋಗಿ ಬಂದೆವು. ಬಂದು ಐದು ದಿನವಾಯಿತು. ನಿಮ್ಮೆಲ್ಲರಿಗೂ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಲ್ಯಾಪ್‌ಟಾಪನ್ನು ನಾಲ್ವರಿಗೆ ಸೇರಿ ಒಂದೇ ಎಂದು ಮಾಡಿಕೊಂಡೆವು, ಕ್ಯಾಮೆರಾ ಬಾಡಿ ಹಗುರವಿದ್ದ ಗೆಳೆಯ ಅದನ್ನು ಹೊತ್ತರು. ಚಾರ್ಜರ್ ಕೂಡ ಎರಡೇ. ಹಿರಿಯರು ಹೇಳಿದಂತೆ ಮೈಸೂರಿನಲ್ಲೇ ಚೀಲ ಹೊಲಿಸಿದೆ, 900 ಗ್ರಾಂ. ಅದರಲ್ಲಿ 600 ಎಂಎಂ, ಒಂದು ಬಾಡಿ, ಕನ್ವರ್ಟರ್, ಬ್ಯಾಟರಿ ಸೇರಿ 5.3 ಕಿಲೋ. ಇನ್ನೊಂದು ಬಾಡಿ ಮತ್ತು 70-200 ಕೊರಳಿಗೆ. ಕೌಂಟರಿನಲ್ಲಿದ್ದ ಹುಡುಗಿಗೆ ಎಲ್ಲವನ್ನೂ ನೇರವಾಗಿ ಹೇಳಿದೆ. ಕೊರಳಿನದನ್ನೂ ತಕ್ಕಡಿಗೆ ಇಡಲು ಹೇಳಿದಳು. 7.1 ತೋರಿಸಿತು. ಒಂದು ಕ್ಷಣ ನೋಡಿ, ಚೀಟಿ ಕಟ್ಟಿದಳು. ಎಕ್ಸ್‌ಪೋರ್ಟ್ ಸರ್ಟಿಫಿಕೇಟ್‌ಗೆ ನಲವತ್ತು ನಿಮಿಷ ಹಿಡಿಯಿತು. ಲೆನ್ಸಿನ ಸೀರಿಯಲ್ ನಂಬರು ಎಲ್ಲಿದೆ ಎಂದು ಅಧಿಕಾರಿ ಕೇಳಿದಾಗ ನನಗೇ ತಿಳಿಯಲಿಲ್ಲ, ಟಾರ್ಚ್ ಹಿಡಿದು ಮೌಂಟಿನ ಹತ್ತಿರ ಹುಡುಕಿದೆವು. ಮರಳಿ ಬಂದಾಗ ಆ ಕಾಗದ ತೋರಿಸಿ ಎರಡು ನಿಮಿಷದಲ್ಲಿ ಹೊರಬಂದೆವು. ಕಡಲತಡಿ ಅವರಿಗೆ ಋಣಿ.

ವಿಲ್ಸನ್‌ನಲ್ಲಿ ಸೆಸ್ನಾ ಕಾರವಾನ್ ವಿಮಾನ. ಸಾಮಾನು ಹೋಗುವುದು ಹೊಟ್ಟೆಯ ಕೆಳಗೆ ಅಂಟಿಕೊಂಡ ಒಂದು ತೊಟ್ಟಿಲಿನಂಥ ಪೆಟ್ಟಿಗೆಗೆ. ಗಟ್ಟಿ ಸೂಟ್‌ಕೇಸ್ ಯಾಕೆ ಬೇಡ ಎನ್ನುತ್ತಾರೆಂದು ಅದನ್ನು ನೋಡಿದ ಮೇಲೆ ಅರ್ಥವಾಯಿತು. ನಮ್ಮೆದುರೇ ಬೇರೆ ತಂಡದವರ ಗಟ್ಟಿ ಪೆಟ್ಟಿಗೆಗಳು ಕೌಂಟರಿನಲ್ಲೇ ಉಳಿದವು. ನಾಲ್ವರದೂ ಸೇರಿ 60 ಕಿಲೋಗೆ 57 ಆಯಿತು. ಲೆನ್ಸಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಮುಕ್ಕಾಲು ಗಂಟೆಯಲ್ಲಿ ಹುಲ್ಲಿನ ನಡುವಿನ ಮಣ್ಣಿನ ಪಟ್ಟಿಯ ಮೇಲೆ ಇಳಿದೆವು. ಹೆಚ್ಚು ಸಾಮಾನು ಇದ್ದವರಿಗೆ ಸಾಮಾನಿಗೆಂದೇ ಒಂದು ಸೀಟು ಕೊಳ್ಳುವ ಅವಕಾಶ ಅಲ್ಲಿದೆ. ಅಥವಾ ನೈರೋಬಿಯಿಂದ ಐದಾರು ಗಂಟೆ ಗಾಡಿಯಲ್ಲೇ ಹೋಗಬಹುದು.

ಮಲೆಸಿರಿ ಮೇಡಂ, ನೀವು ಹೇಳಿದ್ದೂ ಸತ್ಯ. ಸಿಂಹಗಳ ಬಹುಪಾಲು ಚಿತ್ರ 70-200ರಲ್ಲೇ ಬಂದವು. ಆದರೆ ಮೂರನೆಯ ದಿನ ಬೆಳಗ್ಗೆ ಆರೂಕಾಲಕ್ಕೆ, ದೂರದ ಅಂಜೂರದ ಮರದಿಂದ ಒಂದು ಹೆಣ್ಣು ಚಿರತೆ ಇಳಿಯಿತು. ಆ ಹದಿನೆಂಟು ಫ್ರೇಮ್‌ಗಳಿಗಾಗಿ ಮತ್ತೆ ಬೇಕಾದರೂ ಅಷ್ಟೇ ಭಾರ ಹೊರುತ್ತೇನೆ.

ಸುರುಳಿ

ಸರ್, ಟ್ರೈಪಾಡ್ ಇಲ್ಲದೆ ಮೂರು ಕಿಲೋ ಲೆನ್ಸನ್ನು ಗಾಡಿಯಲ್ಲಿ ಹೇಗೆ ನಿಲ್ಲಿಸಿದಿರಿ?

ಹಿನ್ನೀರು

ಬೀನ್ ಬ್ಯಾಗ್. ಖಾಲಿ ಚೀಲ ಒಯ್ದಿದ್ದೆ, 200 ಗ್ರಾಂ. ಇಲ್ಲಿಂದ ಕಾಳು ತುಂಬಿ ಒಯ್ಯಬೇಡಿ. ತೂಕದ ಮಾತು ಹಾಗಿರಲಿ, ಬೇರೆ ದೇಶಕ್ಕೆ ಧಾನ್ಯ ಒಯ್ದರೆ ತಡೆಯುತ್ತಾರೆ. ಕ್ಯಾಂಪಿನ ಅಡುಗೆಯವರಲ್ಲಿ ಕೇಳಿದೆ. ನಾಲ್ಕು ಕಿಲೋ ಕೆಂಪು ಕಾಳು ಅಳೆದು ಸುರಿದುಕೊಟ್ಟರು, ನಮ್ಮ ಅಲಸಂದೆಗಿಂತ ದಪ್ಪ. ಗಾಡಿಯ ಚಾವಣಿಯ ಅಂಚಿಗೆ ಅದನ್ನು ಹೊದಿಸಿ ಲೆನ್ಸ್ ಒತ್ತಿದರೆ ಅಲುಗಾಡುವುದಿಲ್ಲ. ಹೊರಡುವ ದಿನ ಬೆಳಗ್ಗೆ ಕಾಳನ್ನು ಅಡುಗೆಮನೆಯ ಡಬ್ಬಕ್ಕೆ ವಾಪಸು ಸುರಿದು, ಚೀಲ ಕೊಡವಿ, ಮಡಚಿಟ್ಟುಕೊಂಡು ಬಂದೆ.